ನಡುಕದ ಗುಳಿಗೆ: ಯಾರಿಗೆ, ಎಷ್ಟು ದಿನ?



ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆಗೆ ಚಿಕಿತ್ಸೆ ನಡೆದಿದ್ದರೆ, ಡಾಕ್ಟರ ಚೀಟಿಯಲ್ಲಿ ‘ಟ್ರೈಹೆಕ್ಸಿಫೆನಿಡಿಲ್’ ಎಂಬ ಗುಳಿಗೆಯ ಹೆಸರನ್ನು ನೀವು ನೋಡಿರಬಹುದು. ಇದು ಪಾರ್ಕಿನ್ಸನ್ ಎಂಬ ನಡುಕದ ರೋಗಕ್ಕೆಂದು 1949ರಲ್ಲಿ ಬಳಕೆಗೆ ಬಂದ ಔಷಧ. “ನಮ್ಮ ಹುಡುಗನಿಗೆ ಆ ರೋಗ ಇಲ್ಲಲ್ರಿ, ಮತ್ತೆ ಈ ಗುಳಿಗೆ ಯಾಕ?” ಎಂದು ಒಬ್ಬ ತಾಯಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ.

ಯಾಕೆ ಕೊಡುತ್ತಾರೆ?

ನಮ್ಮ ಮೆದುಳಿನಲ್ಲಿ ಡೋಪಮಿನ್ ಮತ್ತು ಅಸಿಟೈಲ್‌ಕೋಲಿನ್ ಎಂಬ ಎರಡು ರಾಸಾಯನಿಕಗಳಿವೆ. ತಕ್ಕಡಿಯ ಎರಡು ತಟ್ಟೆಗಳಂತೆ ಇವು ಸರಿತೂಗಿದರೆ ಕೈಕಾಲು ಸಲೀಸಾಗಿ ಆಡುತ್ತವೆ. ಪಾರ್ಕಿನ್ಸನ್ ರೋಗದಲ್ಲಿ ಡೋಪಮಿನ್ ಕಡಿಮೆಯಾಗುತ್ತದೆ. ಹ್ಯಾಲೋಪೆರಿಡಾಲ್‌ನಂಥ ಮಾನಸಿಕ ಕಾಯಿಲೆಯ ಔಷಧಗಳು ಡೋಪಮಿನ್ ಕೆಲಸವನ್ನು ತಡೆದು ಕಾಯಿಲೆಯನ್ನು ಹತೋಟಿಗೆ ತರುತ್ತವೆ. ಆದರೆ ಇದರಿಂದಲೇ ಕೆಲವರಿಗೆ ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ಜೊಲ್ಲು ಸುರಿಯುತ್ತದೆ. ಆಗ ಇನ್ನೊಂದು ತಟ್ಟೆಯ ಭಾರ ಇಳಿಸಲು ಈ ಗುಳಿಗೆ ಕೊಡುತ್ತಾರೆ.

ಈ ಚಿಕಿತ್ಸೆ ನಮ್ಮ ಭಾಗಕ್ಕೆ ಹೊಸದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1985ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಮೊದಲು ಶುರು ಮಾಡಿದ್ದು ಬಳ್ಳಾರಿ ಜಿಲ್ಲೆಯಲ್ಲಿ. ಈಗ ವಿಜಯನಗರ ಜಿಲ್ಲೆಗೆ ಸೇರಿರುವ ನಮ್ಮ ಹಡಗಲಿ ಆಗ ಬಳ್ಳಾರಿಯಲ್ಲೇ ಇತ್ತು. 1996ರಲ್ಲಿ ಅದೇ ಮಾದರಿ ರಾಷ್ಟ್ರೀಯ ಕಾರ್ಯಕ್ರಮವಾಯಿತು. ಔಷಧ ಹತ್ತಿರದಲ್ಲೇ ಸಿಗುವುದು ದೊಡ್ಡ ಉಪಕಾರ. ಆದರೆ ರೋಗಿಯನ್ನು ಕರೆದೊಯ್ಯದೆ ಹಳೇ ಚೀಟಿ ತೋರಿಸಿ ವರ್ಷಗಟ್ಟಲೆ ಅದೇ ಗುಳಿಗೆ ತರುವುದು ಸರಿಯಲ್ಲ.

ಬಹಳ ಕಾಲ ನುಂಗಿದರೆ ಏನಾಗುತ್ತದೆ?

ಅಸಿಟೈಲ್‌ಕೋಲಿನ್ ಬರೀ ಕೈಕಾಲಿಗಲ್ಲ. ಬೆವರು, ಕರುಳು, ಮೂತ್ರಕೋಶ, ಕಣ್ಣು, ನೆನಪು ಎಲ್ಲಕ್ಕೂ ಬೇಕು. ಅದನ್ನು ತಡೆಯುತ್ತಾ ಹೋದರೆ:

• ಬಾಯಿ ಒಣಗುತ್ತದೆ, ಹಲ್ಲು ಹುಳುಕಾಗುತ್ತವೆ.
• ಮಲಬದ್ಧತೆಯಾಗುತ್ತದೆ, ಮೂತ್ರ ಕಟ್ಟಬಹುದು.
• ಕಣ್ಣು ಮಂಜಾಗುತ್ತದೆ. ಕಣ್ಣಿನ ಒತ್ತಡದ ಕಾಯಿಲೆ ಇದ್ದವರಿಗೆ ಅಪಾಯ.
• ಬೆವರು ಕಡಿಮೆಯಾಗಿ ಮೈ ಕಾವೇರುತ್ತದೆ. ನಮ್ಮ ಬೇಸಿಗೆಯಲ್ಲಿ ಹೊಲಕ್ಕೆ, ಕೂಲಿಗೆ ಹೋಗುವವರು ಎಚ್ಚರವಾಗಿರಬೇಕು.
• ಮರೆವು, ಗೊಂದಲ ಕಾಣಿಸುತ್ತದೆ, ವಯಸ್ಸಾದವರಲ್ಲಿ ಹೆಚ್ಚು. “ಕಾಯಿಲೆನೇ ಜಾಸ್ತಿ ಆತು” ಎಂದು ಮನೆಯವರು ತಪ್ಪು ತಿಳಿಯುತ್ತಾರೆ.
• ತುಟಿ, ನಾಲಗೆ ತಾವಾಗಿಯೇ ಆಡುವ ತೊಂದರೆ ಬಂದಿದ್ದರೆ ಈ ಗುಳಿಗೆಯಿಂದ ಅದು ಹೆಚ್ಚಾಗಬಹುದು.
• ಕೆಲವರಿಗೆ ಒಂಥರಾ ಉಮೇದು ಬಂದು ಚಟವೂ ಆಗುತ್ತದೆ.

ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆಯು, ನಡುಕ ಬರುವ ಮೊದಲೇ ಎಲ್ಲರಿಗೂ ಇದನ್ನು ಕೊಡುತ್ತಾ ಹೋಗುವುದು ಬೇಡ ಎಂದು 1990ರಲ್ಲೇ ಹೇಳಿದೆ. ಬಹಳ ಜನರಿಗೆ ಕೆಲವು ತಿಂಗಳ ನಂತರ ಇದರ ಅಗತ್ಯವಿರುವುದಿಲ್ಲ.

ನೀವೇ ನಿಲ್ಲಿಸಬೇಡಿ

ಇದನ್ನು ಓದಿ ಗುಳಿಗೆಯನ್ನು ತಟ್ಟನೆ ಬಿಡಿಸಬೇಡಿ. ಒಮ್ಮೆಲೇ ಬಿಟ್ಟರೆ ನಡುಕ, ಬಿಗಿತ ಮರಳಬಹುದು, ನಿದ್ದೆ ಕೆಡಬಹುದು. ಡಾಕ್ಟರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು. ಮುಖ್ಯ ಔಷಧವನ್ನಂತೂ ಬಿಡಲೇಬಾರದು. ಬಿಟ್ಟರೆ ಕಾಯಿಲೆ ಮರುಕಳಿಸುತ್ತದೆ. ಅಜ್ಜಿಯ ಕೈ ನಡುಗುತ್ತದೆಂದು ಮಗನ ಗುಳಿಗೆಯನ್ನು ಅವರಿಗೆ ಕೊಡಲೂಬೇಡಿ.

ಮುಂದಿನ ಸಲ ರೋಗಿಯನ್ನೇ ಕರೆದುಕೊಂಡು ಹೋಗಿ, ಧೈರ್ಯವಾಗಿ ಕೇಳಿ:

1. ಈ ಗುಳಿಗೆ ಯಾವುದಕ್ಕೆ ಕೊಟ್ಟೀರಿ ಸಾರ್?
2. ಈಗಲೂ ಬೇಕೇನ್ರಿ? ಕಡಿಮೆ ಮಾಡಬಹುದಾ?
3. ನಡುಕ ಬರದ ಬೇರೆ ಔಷಧ ಐತೇನ್ರಿ?

ಟೆಲಿ-ಮಾನಸ್ ಉಚಿತ ದೂರವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಸಲಹೆ ಕೇಳಬಹುದು.

ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ವಿಷಯವನ್ನು ಓದಿ ಹೇಳಿ. ಇಂಥ ಕಾಯಿಲೆಯ ಮಾತನ್ನು ಬಾಯಿ ಬಿಟ್ಟು ಹೇಳಲಾಗದೆ ಕೂತ ಅಕ್ಕ ನಿಮ್ಮ ಸಂಘದಲ್ಲೂ ಇರಬಹುದು. ಅವರ ಜೊತೆ ಆಸ್ಪತ್ರೆಗೆ ಒಬ್ಬರಾದರೂ ಹೋಗೋಣ.