ಒಬ್ಬರ ದೋಷ, ಎಲ್ಲರಿಗೂ ಕತ್ತಲೆ: ಫೀಡರ್ ರಿಲೇಗಳ ಹೊಂದಾಣಿಕೆ

ಕೈಗಾರಿಕಾ ವಸಾಹತುಗಳಲ್ಲಿ ಒಂದೇ 11 ಕೆ.ವಿ. ಫೀಡರಿನಿಂದ ಹಲವು ಘಟಕಗಳು ವಿದ್ಯುತ್ ಪಡೆಯುವುದು ಸಾಮಾನ್ಯ. ಅವುಗಳಲ್ಲೊಂದರ ಕೇಬಲ್ ಅಥವಾ ಪ್ಯಾನೆಲ್‌ನಲ್ಲಿ ಶಾರ್ಟ್ ಸರ್ಕ್ಯೂಟ್ ಆದಾಗ ಆ ಘಟಕದ ಬ್ರೇಕರ್ ಮಾತ್ರ ಬೀಳಬೇಕು. ಬದಲಿಗೆ ಉಪಕೇಂದ್ರದ ಬ್ರೇಕರ್ ಬಿದ್ದರೆ ಇಡೀ ಸಾಲಿನ ಕಾರ್ಖಾನೆಗಳು ನಿಲ್ಲುತ್ತವೆ. ಇದಕ್ಕೆ ಅನೇಕ ವೇಳೆ ರಿಲೇಗಳ ಹೊಂದಾಣಿಕೆಯ ಕೊರತೆಯೇ ಕಾರಣ.

ಅತಿಪ್ರವಾಹ ರಿಲೇಗೆ ಮುಖ್ಯವಾಗಿ ಎರಡು ನಿಗದಿಗಳಿವೆ: ಎಷ್ಟು ಆಂಪಿಯರ್ ಮೀರಿದರೆ ಎಚ್ಚರಗೊಳ್ಳಬೇಕು ಎಂಬುದು ಒಂದು, ಎಷ್ಟು ತಡೆದು ಬ್ರೇಕರ್ ಬೀಳಿಸಬೇಕು ಎಂಬ ಸಮಯ ಗುಣಕ ಇನ್ನೊಂದು. ಪ್ರವಾಹ ಹೆಚ್ಚಿದಷ್ಟೂ ರಿಲೇ ಬೇಗನೆ ಕೆಲಸ ಮಾಡುತ್ತದೆ. ದೋಷಕ್ಕೆ ಸಮೀಪದ ರಿಲೇ ಮೊದಲು, ಉಪಕೇಂದ್ರದ ರಿಲೇ ಅನಂತರ ಎಂಬುದು ನಿಯಮ. ಇವೆರಡರ ನಡುವೆ ಸಾಮಾನ್ಯವಾಗಿ 0.3ರಿಂದ 0.4 ಸೆಕೆಂಡಿನ ಅಂತರವಿರಿಸುತ್ತಾರೆ.

ಒಂದು ಉದಾಹರಣೆಯನ್ನು ಪರಿಶೀಲಿಸಬಹುದು. 500 ಕೆ.ವಿ.ಎ. ಟ್ರಾನ್ಸ್‌ಫಾರ್ಮರ್ 11 ಕೆ.ವಿ. ಕಡೆಯಲ್ಲಿ ಪೂರ್ಣ ಹೊರೆಗೆ ಸುಮಾರು 26 ಆಂಪಿಯರ್ ಎಳೆಯುತ್ತದೆ. ಅದರ ಪ್ರತಿಬಾಧೆ ಶೇ. 5 ಎಂದಿಟ್ಟುಕೊಂಡರೆ, ಎಲ್.ಟಿ. ಕಡೆಯ ಶಾರ್ಟ್ ಸರ್ಕ್ಯೂಟಿಗೆ ಎಚ್.ಟಿ. ಕಡೆಯಲ್ಲಿ ಹೆಚ್ಚೆಂದರೆ 525 ಆಂಪಿಯರ್ ಹರಿದೀತು. ಘಟಕದ ರಿಲೇ 30 ಆಂಪಿಯರಿಗೆ, ಸಮಯ ಗುಣಕ 0.1ಕ್ಕೆ ಇದ್ದರೆ ಪ್ರಮಾಣಿತ ವಿಲೋಮ ವಕ್ರರೇಖೆಯಂತೆ 0.24 ಸೆಕೆಂಡಿನಲ್ಲಿ ಆದೇಶ ನೀಡುತ್ತದೆ. ಉಪಕೇಂದ್ರದ ರಿಲೇ 200 ಆಂಪಿಯರಿಗೆ, ಅದೇ ಗುಣಕಕ್ಕೆ ಇದ್ದರೆ 0.72 ಸೆಕೆಂಡ್ ಕಾಯುತ್ತದೆ. ಸುಮಾರು ಅರ್ಧ ಸೆಕೆಂಡಿನ ಈ ಅವಕಾಶವೇ ನೆರೆಹೊರೆಯವರನ್ನು ಕಾಯುತ್ತದೆ.

ಟ್ರಾನ್ಸ್‌ಫಾರ್ಮರಿಗೆ ವಿದ್ಯುತ್ ಹಾಯಿಸುವಾಗಿನ ಕ್ಷಣಿಕ ಪ್ರವಾಹಕ್ಕೆ ಬ್ರೇಕರ್ ಬೀಳುತ್ತದೆಂದು ಯಾರಾದರೂ ಘಟಕದ ಗುಣಕವನ್ನು 0.4ಕ್ಕೆ ಏರಿಸಿದರೆನ್ನಿ. ಅದೇ ದೋಷಕ್ಕೆ ಈಗ 0.95 ಸೆಕೆಂಡ್ ಬೇಕು. ಅಷ್ಟರಲ್ಲಿ ಉಪಕೇಂದ್ರದ ಬ್ರೇಕರಿಗೆ ಆದೇಶ ಹೋಗಿರುತ್ತದೆ. ದೋಷಪೂರಿತ ಉಪಕರಣವೂ ಹೆಚ್ಚು ಹೊತ್ತು ಬೇಯುತ್ತದೆ. ಬೆಂಕಿಯ ಅಪಾಯ ಹೆಚ್ಚುತ್ತದೆ.

ಇದರ ನಷ್ಟ ಲೆಕ್ಕಪತ್ರದಲ್ಲಿ ಒಂದೇ ಶೀರ್ಷಿಕೆಯಡಿ ಕಾಣಿಸುವುದಿಲ್ಲ. ಅಚ್ಚಿನಲ್ಲೇ ಗಟ್ಟಿಯಾದ ಪ್ಲಾಸ್ಟಿಕ್ ಕಚ್ಚಾ ಸಾಮಗ್ರಿಯ ಖರ್ಚಿನಲ್ಲಿ, ಸುಮ್ಮನೆ ಕುಳಿತ ಪಾಳಿ ವೇತನದಲ್ಲಿ, ಜನರೇಟರ್ ಡೀಸೆಲ್ ಇಂಧನದಲ್ಲಿ ಅಡಗಿರುತ್ತದೆ. ತಪ್ಪಿದ ರವಾನೆಯ ಬೆಲೆ ಯಾವ ಖಾತೆಯಲ್ಲೂ ಇರುವುದಿಲ್ಲ.

ಆದ್ದರಿಂದ ಉದ್ಯಮಿಗಳು ಈ ಕೆಲವು ಕ್ರಮಗಳನ್ನು ಅನುಸರಿಸುವುದು ಸೂಕ್ತ:

1. ಪ್ರತಿ ಟ್ರಿಪ್‌ನ ದಿನಾಂಕ, ವೇಳೆ, ರಿಲೇಯ ಸೂಚನೆ, ಅವಧಿ ಹಾಗೂ ನಷ್ಟವನ್ನು ದಾಖಲಿಸುವ ಪುಸ್ತಕವಿರಿಸಬೇಕು.

2. ವಿದ್ಯುತ್ ಸರಬರಾಜು ಕಂಪನಿಯಿಂದ ಫೀಡರ್ ರಿಲೇಯ ನಿಗದಿಗಳನ್ನು ಲಿಖಿತವಾಗಿ ಕೇಳಿ ಪಡೆದು, ಅರ್ಹ ಎಂಜಿನಿಯರರಿಂದ ಹೊಂದಾಣಿಕೆಯ ಲೆಕ್ಕ ಹಾಕಿಸಬೇಕು. ಎಚ್.ಟಿ. ಕಡೆಯ ಭಾರಿ ದೋಷಗಳಿಗಾಗಿ ತತ್‌ಕ್ಷಣ ಕೆಲಸ ಮಾಡುವ ಅಂಶದ ನಿಗದಿಯನ್ನೂ ಅದರಲ್ಲಿ ಸೇರಿಸಬೇಕು.

3. ಟ್ರಾನ್ಸ್‌ಫಾರ್ಮರ್ ಬದಲಾದಾಗ ಅಥವಾ ಹೊರೆ ಹೆಚ್ಚಿದಾಗ ಲೆಕ್ಕವನ್ನು ಪುನಃ ಪರಿಶೀಲಿಸಬೇಕು. ಯಾರೂ ತಾವಾಗಿ ನಿಗದಿ ಬದಲಿಸದಂತೆ ರಿಲೇಯನ್ನು ಮುದ್ರೆ ಹಾಕಿ ಭದ್ರಪಡಿಸಬೇಕು.

ಒಂದು ಘಟಕ ಮಾತ್ರ ಸರಿಪಡಿಸಿಕೊಂಡರೆ ಸಾಲದು. ನೆರೆಯವರ ರಿಲೇ ಕೆಟ್ಟಿದ್ದರೆ ನಷ್ಟ ತಪ್ಪದು. ಫೀಡರಿನ ಗ್ರಾಹಕರೆಲ್ಲ ಸೇರಿ ಒಂದೇ ಅಧ್ಯಯನ ಮಾಡಿಸಿ ವೆಚ್ಚ ಹಂಚಿಕೊಂಡರೆ ಒಬ್ಬೊಬ್ಬರ ಪಾಲೂ ಹಗುರ, ಫಲವೂ ಸಮಾನ.