ಮೊದಲು ಬ್ರೇಕು, ಆಮೇಲೆ ಥಳಕು

ಚೌಮಹಲ್ಲಾ ಅರಮನೆಗೆ ಹೋದವರು ಅಲ್ಲಿನ ಹಳದಿ ಬಣ್ಣದ ರೋಲ್ಸ್ ರಾಯ್ಸ್ ಕಾರನ್ನು ನೋಡಿಯೇ ಇರುತ್ತೀರಿ. 1912ರ ಸಿಲ್ವರ್ ಘೋಸ್ಟ್, ನಿಜಾಮರ ಸವಾರಿಯ ಕಾರು. ಊರಿನಿಂದ ನೆಂಟರು ಬಂದರೆ ಚಾರ್‌ಮಿನಾರ್, ಸಾಲಾರ್‌ಜಂಗ್ ಮುಗಿಸಿ ಅಲ್ಲಿಗೂ ಕರೆದೊಯ್ಯುವುದು ನಮ್ಮೆಲ್ಲರ ರೂಢಿ ತಾನೆ? ಆ ಕಾರಿನ ಮುಂದೆ ನಿಂತವರು ಕೇಳುವುದು ಎರಡೇ ಪ್ರಶ್ನೆ: ಬೆಲೆ ಎಷ್ಟಾದೀತು, ಎಷ್ಟು ಜೋರಾಗಿ ಓಡೀತು. ಅದನ್ನು ನಿಲ್ಲಿಸುವುದು ಹೇಗೆ ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಆ ಕಾಲದ ಸಿಲ್ವರ್ ಘೋಸ್ಟ್‌ಗೆ ಬ್ರೇಕು ಇದ್ದದ್ದು ಹಿಂದಿನ ಎರಡು ಚಕ್ರಗಳಿಗೆ ಮಾತ್ರ! ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ 'ಪಯಣ'ದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ನೋಡುವಾಗಲೂ ನಮ್ಮ ಕಣ್ಣು ಹೋಗುವುದು ಬಣ್ಣಕ್ಕೆ, ನಿಕಲ್ ಹೊಳಪಿಗೆ.

ಕಾರು ರಿಪೇರಿಗೂ ಗೃಹಿಣಿಗೂ ಏನು ನಂಟು ಎನ್ನಬೇಡಿ. ಕಳೆದ ಎರಡು ವರ್ಷಗಳಿಂದ ನಮ್ಮ ಮನೆಯ ಅಂಗಳವೇ ಗ್ಯಾರೇಜು. ಮಾವನವರು ಕೊಂಡಿದ್ದ 1967ರ ಸ್ಟಾಂಡರ್ಡ್ ಹೆರಾಲ್ಡ್ ಅಲ್ಲಿದೆ. ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು: ಅಂಬಾಸಿಡರ್, ಫಿಯಟ್ ಬಿಟ್ಟರೆ ರಸ್ತೆಯ ಮೇಲೆ ಇದ್ದ ಮೂರನೆಯ ಕಾರು ಅದೇ. ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡನ್ನು 1961ರಿಂದ ಮದರಾಸಿನ ಸ್ಟಾಂಡರ್ಡ್ ಮೋಟಾರ್ ಪ್ರಾಡಕ್ಟ್ಸ್‌ನವರು ಇಲ್ಲಿ ತಯಾರಿಸಿದರು. ಇಟಲಿಯ ಮಿಕೆಲೊಟ್ಟಿ ಕೊಟ್ಟ ರೂಪ, 948 ಸಿ.ಸಿ.ಯ ಪುಟ್ಟ ಎಂಜಿನ್, ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಬಾಗಿ ತೆರೆಯುವ ಬಾನೆಟ್ಟು. ಇದೇ ಹೆರಾಲ್ಡಿನ ಚಾಸಿಯನ್ನು ಗಿಡ್ಡ ಮಾಡಿ 1962ರಲ್ಲಿ ಟ್ರಯಂಫ್‌ನವರು ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. ಹಾಗಾಗಿ ನಮ್ಮವರ ಪಾಲಿಗೆ ನಮ್ಮದೂ ಸ್ಪೋರ್ಟ್ಸ್ ಕಾರೇ. ಒಂದು ವ್ಯತ್ಯಾಸವನ್ನು ಮಾತ್ರ ನಾನು ಆಗಾಗ ನೆನಪಿಸುತ್ತೇನೆ: ಸ್ಪಿಟ್‌ಫೈರ್‌ಗೆ ಮುಂದಿನ ಚಕ್ರಗಳಲ್ಲಿ ಡಿಸ್ಕ್ ಬ್ರೇಕು, ನಮ್ಮದಕ್ಕೆ ನಾಲ್ಕಕ್ಕೂ ಡ್ರಮ್ಮು.

ಮಗಳ ಮದುವೆ ಗೊತ್ತಾಗಿತ್ತು. ಅಜ್ಜನ ಕಾರಿನಲ್ಲೇ ಮದುಮಕ್ಕಳು ಮನೆಗೆ ಬರಬೇಕೆಂಬುದು ನಮ್ಮವರ ಆಸೆ. ಟಿಂಕರಿಂಗ್, ಪೇಂಟಿಂಗ್ ಎಂದು ಕಾರು ಒಂದು ವರ್ಕ್‌ಶಾಪಿಗೆ ಹೋಗಿ ಆಕಾಶನೀಲಿ ಬಣ್ಣದಲ್ಲಿ ಮಿಂಚುತ್ತ ಮರಳಿತು. ಬೀದಿಯವರೆಲ್ಲ ಬಂದು ನೋಡಿದರು. ಎರಡು ವಾರ ಕಳೆಯುವಷ್ಟರಲ್ಲಿ ಹತ್ತು ನಿಮಿಷ ಓಡಿಸಿದರೆ ಸಾಕು, ಚಕ್ರಗಳಿಂದ ಸುಟ್ಟ ವಾಸನೆ. ಒತ್ತಿದ ಬ್ರೇಕು ಬಿಡುತ್ತಲೇ ಇರಲಿಲ್ಲ.

ನಮ್ಮವರು ಒಬ್ಬ ಹಿರಿಯ ಮೆಕ್ಯಾನಿಕ್‌ರನ್ನು ಹುಡುಕಿ ತಂದರು. ಎಪ್ಪತ್ತರ ಹತ್ತಿರದ ವಯಸ್ಸು. ಇಲ್ಲಿನ ಪದ್ಧತಿಯಂತೆ ನಾವು ಕರೆಯುವುದು ಉಸ್ತಾದ್ ಎಂದೇ. ಅವರು ಬಾನೆಟ್ಟು ಎತ್ತಿ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಮೂಸಿ, "ಅಮ್ಮಾ, ಒಂದು ಲೋಟ ನೀರು" ಎಂದರು. ಕುಡಿಯಲಿಕ್ಕೆಂದು ತಂದುಕೊಟ್ಟೆ. ಅವರು ಅದರೊಳಕ್ಕೆ ಡಬ್ಬಿಯ ಎಣ್ಣೆಯನ್ನು ನಾಲ್ಕು ಹನಿ ಬಿಟ್ಟು ಕಡ್ಡಿಯಿಂದ ಕದಡಿದರು. ಸಾರಿನ ಮೇಲಿನ ಒಗ್ಗರಣೆಯ ಹಾಗೆ ಜಿಡ್ಡು ಮೇಲೆ ತೇಲಿತು. ಅಷ್ಟೇ, ರೋಗ ಸಿಕ್ಕಿತು.

ಈ ಪರೀಕ್ಷೆ ನಿಮ್ಮ ನೆನಪಿನಲ್ಲಿರಲಿ. ಬ್ರೇಕಿಗೆ ಹಾಕುವ ದ್ರವ ಹೆಸರಿಗೆ ಮಾತ್ರ ಆಯಿಲ್. ಅದು ಎಣ್ಣೆಯೇ ಅಲ್ಲ. ಗ್ಲೈಕಾಲ್ ಜಾತಿಯ ರಾಸಾಯನಿಕ, ನೀರಿನಲ್ಲಿ ಸಲೀಸಾಗಿ ಕರಗಿಹೋಗುತ್ತದೆ. ತೇಲಿತು ಎಂದರೆ ಯಾರೋ ಎಂಜಿನ್ ಆಯಿಲೋ ಇನ್ನಾವುದೋ ಖನಿಜ ತೈಲವೋ ಸುರಿದಿದ್ದಾರೆ ಎಂದು ಅರ್ಥ. (ಸಿಲಿಕೋನಿನ ಒಂದು ಬಗೆಯೂ ನೀರಿಗೆ ಬೆರೆಯುವುದಿಲ್ಲ. ಆದರೆ ಅದನ್ನು ಗುರುತಿಗೆಂದೇ ನೇರಳೆ ಬಣ್ಣದಲ್ಲಿ ಮಾರುತ್ತಾರೆ.) ಖನಿಜ ತೈಲ ತಗುಲಿದರೆ ಬ್ರೇಕಿನೊಳಗಿನ ರಬ್ಬರ್ ಕಪ್‌ಗಳು ನೆನೆಹಾಕಿದ ಕಡಲೆಯಂತೆ ಊದಿಕೊಳ್ಳುತ್ತವೆ. ಊದಿದ ಕಪ್ಪು ಹಿಂದಕ್ಕೆ ಸರಿಯದು, ದ್ರವ ಮರಳುವ ಸಣ್ಣ ರಂಧ್ರ ಮುಚ್ಚಿಹೋಗುತ್ತದೆ, ಬ್ರೇಕು ಕಚ್ಚಿಕೊಂಡೇ ಇರುತ್ತದೆ. ಆಮೇಲೆ ಒಂದು ದಿನ ಕಪ್ಪು ಮೆತ್ತಗಾಗಿ ಪೂರ್ತಿ ಕೈಕೊಡುತ್ತದೆ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳಾಗಿ ನನಗನ್ನಿಸಿದ್ದು, ಈ ಅನಾಹುತಕ್ಕೆ ಅರ್ಧ ಕಾರಣ ಭಾಷೆಯೇ. ಕಾರಿನ ಇಂಗ್ಲಿಷ್ ಕೈಪಿಡಿಯಲ್ಲಿ ಬ್ರೇಕ್ ಫ್ಲೂಯಿಡ್ ಎಂದೇ ಇದೆ. ಆಯಿಲ್ ಎಂದು ಕರೆದು ರೂಢಿ ಮಾಡಿಕೊಂಡವರು ನಾವು. 'ಆಯಿಲ್ ಹಾಕು' ಎಂದರೆ ವರ್ಕ್‌ಶಾಪಿನ ಹುಡುಗ ಕೈಗೆ ಸಿಕ್ಕ ಆಯಿಲ್ ಹಾಕಿದ್ದಾನೆ. ಆ ಲೋಟ ಮತ್ತೆ ಅಡಿಗೆಮನೆಗೆ ಬರಲಿಲ್ಲವೆಂದು ಬೇರೆ ಹೇಳಬೇಕಿಲ್ಲ. ಬ್ರೇಕ್ ದ್ರವ ವಿಷ.

ಈಗಿನ ಕಾರುಗಳಲ್ಲಿ ಬ್ರೇಕಿನ ದ್ರವ ಎರಡು ಪ್ರತ್ಯೇಕ ದಾರಿಗಳಲ್ಲಿ ಹರಿಯುತ್ತದೆ. ಒಂದು ಸೋರಿದರೂ ಇನ್ನೊಂದು ಕಾಪಾಡುತ್ತದೆ. ಹೆರಾಲ್ಡಿನಲ್ಲಿ ಇರುವುದು ಒಂದೇ ದಾರಿ. ನಾಲ್ಕು ಚಕ್ರಗಳಲ್ಲಿ ಎಲ್ಲಿ ಒಂದು ಕಪ್ಪು ಹರಿದರೂ ನಾಲ್ಕೂ ಹೋದಂತೆ. ಉಳಿಯುವುದು ಕೇಬಲ್ಲಿನ ಹ್ಯಾಂಡ್ ಬ್ರೇಕು ಮಾತ್ರ. ಬಂಜಾರಾ ಹಿಲ್ಸ್‌ನ ಇಳಿಜಾರುಗಳಲ್ಲಿ ಮಗಳನ್ನೂ ಅಳಿಯನನ್ನೂ ಕೂರಿಸಿಕೊಂಡು ಹ್ಯಾಂಡ್ ಬ್ರೇಕ್ ಎಳೆಯುತ್ತ ಬರುವುದೇ? ಇದನ್ನು ಕೇಳಿದ ಮೇಲೆ ನಾನು ಹಟ ಹಿಡಿದೆ. "ಎಲ್ಲ ಬಿಚ್ಚಿ ಸರಿಮಾಡುವ ತನಕ ಈ ಕಾರು ಗೇಟು ದಾಟಕೂಡದು." ನಮ್ಮವರಿಗೆ ಸೀಟಿನ ಹೊದಿಕೆ, ಕ್ರೋಮ್ ಪ್ಲೇಟಿಂಗು ಮೊದಲು ಆಗಬೇಕಿತ್ತು, ಕೂಡಿಟ್ಟ ಹಣ ಎರಡಕ್ಕೂ ಸಾಲದು. ಉಸ್ತಾದರು ನನ್ನ ಕಡೆ ನಿಂತರು. "ಪೈಲೇ ಬ್ರೇಕ್, ಬಾದ್ ಮೇ ಚಮಕ್" ಎಂದರು. ಮೊದಲು ಬ್ರೇಕು, ಹೊಳಪೆಲ್ಲ ಆಮೇಲೆ. ಮದುವೆಗೆ ಹೆರಾಲ್ಡ್ ಬರಲಿಲ್ಲ. ಮದುಮಕ್ಕಳು ಬಾಡಿಗೆ ಕಾರಿನಲ್ಲಿ ಬಂದರು, ನಮ್ಮವರು ಒಂದು ವಾರ ನನ್ನೊಡನೆ ನೆಟ್ಟಗೆ ಮಾತಾಡಲಿಲ್ಲ.

ತಪ್ಪು ಎಣ್ಣೆ ಹೋದ ಮೇಲೆ ಬರಿದೇ ಖಾಲಿ ಮಾಡಿ ತುಂಬಿದರೆ ಸಾಲದು. ರಬ್ಬರ್ ಎಂಬುದನ್ನೆಲ್ಲ ಬದಲಿಸಲೇಬೇಕು: ಮಾಸ್ಟರ್ ಸಿಲಿಂಡರಿನ ಕಿಟ್, ಚಕ್ರಗಳ ಕಪ್‌ಗಳು, ಹೋಸ್ ಪೈಪುಗಳು. ಲೋಹದ ಪೈಪುಗಳನ್ನು ಸ್ಪಿರಿಟ್ಟಿನಿಂದ ತೊಳೆಯಬೇಕು. ಕೆಲವು ಕಪ್ಪು ರಾಣಿಗಂಜಿನಲ್ಲಿ ಸಿಕ್ಕವು, ಉಳಿದವಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ನನ್ನ ತಮ್ಮನನ್ನು ಅಟ್ಟಿದೆವು. ಒಂದು ಸಿಲಿಂಡರಿನ ಒಳಮೈ ತುಕ್ಕಿನಿಂದ ತೂತುತೂತಾಗಿತ್ತು. ಲೇತಿನವರ ಹತ್ತಿರ ಅದಕ್ಕೆ ಸ್ಲೀವ್ ಹಾಕಿಸಿದ್ದಾಯಿತು. ಹೋಸ್ ಪೈಪಿನ ವಿಷಯ ಸ್ವಾರಸ್ಯವಾದದ್ದು. ಹೊರಗೆ ಚೆನ್ನಾಗಿ ಕಾಣುವ ಹಳೆಯ ಹೋಸು ಒಳಗೆ ಊದಿ ದಾರಿ ಕಟ್ಟಿರಬಹುದು. ಕಾಲಿನ ಒತ್ತಡಕ್ಕೆ ದ್ರವ ಆಚೆ ನುಗ್ಗುತ್ತದೆ, ಮರಳಿ ಬರಲಾರದು. ಕಚ್ಚಿಕೊಂಡ ಚಕ್ರದ ನಿಪ್ಪಲನ್ನು ಸ್ವಲ್ಪ ಸಡಿಲಿಸಿ ನೋಡಿ. ಚಿಮ್ಮಿದ ಕೂಡಲೇ ಚಕ್ರ ಬಿಟ್ಟುಕೊಂಡರೆ ಹೋಸಿನ ಮೇಲೆ ಅನುಮಾನ ಪಡಬೇಕು.

ಇನ್ನು ಗಾಳಿ ತೆಗೆಯುವ ಕೆಲಸ. ಇದಕ್ಕೆ ಇಬ್ಬರು ಬೇಕು, ಆ ಎರಡನೆಯವರು ಸಾಮಾನ್ಯವಾಗಿ ಹೆಂಡತಿ. ನಾನು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕು, ಉಸ್ತಾದರು ಕೆಳಗಿನಿಂದ "ದಬಾವೋ" ಎನ್ನಬೇಕು; ಒತ್ತಿ ಹಿಡಿದಾಗ ಅವರು ನಿಪ್ಪಲ್ ತೆರೆದು ಗುಳ್ಳೆ ಹೊರಡಿಸಿ ಮುಚ್ಚಿದ ಮೇಲೆ "ಛೋಡೋ". ಮುಚ್ಚುವ ಮೊದಲೇ ಕಾಲು ಬಿಟ್ಟರೆ ಹೋದ ಗಾಳಿ ಮರಳಿ ಒಳಗೆ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಆರಂಭ; ನಮ್ಮಲ್ಲಿ ಹಿಂದಿನ ಎಡಚಕ್ರ. ಪೆಡಲ್ ಸ್ಪಂಜಿನ ಹಾಗಿದ್ದರೆ ಗಾಳಿ ಇನ್ನೂ ಇದೆ ಎಂದು ತಿಳಿಯಿರಿ. ಗಟ್ಟಿಯಾಗಿದ್ದೂ ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿಯುತ್ತ ಹೋದರೆ ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರಿನ ಕಪ್ಪು ಒಳಗೊಳಗೇ ದ್ರವ ಬಿಟ್ಟುಕೊಡುತ್ತಿದೆ. ಎರಡನೆಯ ಸಲ ಒತ್ತಿದಾಗ ಮೇಲೇ ನಿಂತರೆ ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ಅಡ್ಜಸ್ಟ್ ಮಾಡಬೇಕು. ಬ್ರೇಕ್ ಹಾಕಿದಾಗ ಕಾರು ಎಡಕ್ಕೆ ಎಳೆದರೆ ಮೊದಲು ನೋಡಬೇಕಾದ್ದು ಬಲಗಡೆಯ ಚಕ್ರ. ಅಲ್ಲಿ ಲೈನರಿಗೆ ಜಿಡ್ಡು ಹತ್ತಿರಬಹುದು, ಇಲ್ಲವೆ ಸಿಲಿಂಡರ್ ಜಾಮ್ ಆಗಿರಬಹುದು. ಡ್ರಮ್ಮಿನೊಳಗಿನ ಧೂಳನ್ನು ಮಾತ್ರ ಊದಬೇಡಿ. ಹಳೆಯ ಲೈನರುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆಯನ್ನೇ ಎಸೆಯಿರಿ.

ಹೊಸ ದ್ರವ ಹಾಕಿಬಿಟ್ಟೆವೆಂದು ಮರೆಯುವ ಹಾಗೂ ಇಲ್ಲ. ಮಳೆಗಾಲದ ಉಪ್ಪಿನಂತೆ ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದೆಂಬ ನಿಯಮ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬಿಸಿಯೇರಿ ಕುದಿದರೆ ಪೈಪಿನಲ್ಲಿ ಆವಿ, ಕಾಲ ಕೆಳಗೆ ಪೆಡಲ್ ಪೊಳ್ಳು. ತೇವದಿಂದ ಸಿಲಿಂಡರಿಗೆ ತುಕ್ಕೂ ಹಿಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕ್ಷೇಮ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಸುರಿಯಿರಿ, ಪೇಂಟನ್ನು ತಿಂದುಬಿಡುತ್ತದೆ.

ಬ್ರೇಕ್ ಮುಗಿಯುವಷ್ಟರಲ್ಲಿ ಮಳೆ ಶುರುವಾಯಿತು, ಕಾರಿನೊಳಗೆ ಕಾಲಿಡುವ ಜಾಗ ಪುಟ್ಟ ಹುಸೇನ್ ಸಾಗರವಾಯಿತು. ಇದೂ ರಬ್ಬರಿನದೇ ಕತೆ. ಐವತ್ತು ವರ್ಷ ದಾಟಿದ ಕಾರಿನಲ್ಲಿ ಕಬ್ಬಿಣ ಉಳಿದಿರುತ್ತದೆ, ರಬ್ಬರ್ ಸತ್ತಿರುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಸೆಡೆತರೆ ಸೀಟಿ ಬಾರದೆಂದು ನಮಗೆ ಗೊತ್ತಲ್ಲ, ಬಾಗಿಲ ಬೀಡಿಂಗೂ ಹಾಗೆಯೇ. ನಮ್ಮವರು ದಪ್ಪನೆಯ ಬೀಡಿಂಗ್ ತಂದು ಅಂಟಿಸಿದರು. ಬಾಗಿಲು ಹಾಕಲೇ ಬರಲಿಲ್ಲ. ಮೊದಲು ಕೀಲು ಸರಿಸಿ ಬಾಗಿಲನ್ನು ಸಮ ಕೂರಿಸಿ, ಆಮೇಲೆ ಬೀಡಿಂಗ್ ಅಳೆಯಬೇಕು. ಎಲ್ಲಿ ಒತ್ತುತ್ತಿಲ್ಲವೆಂದು ತಿಳಿಯಲು ರಬ್ಬರಿಗೆ ಸೀಮೆಸುಣ್ಣ ಬಳಿದು ಬಾಗಿಲು ಹಾಕಿ ತೆಗೆಯಿರಿ. ಬಿಳಿ ಗುರುತು ಬೀಳದ ಕಡೆ ಸಂದಿದೆ. ಪೇಪರಿನ ಪಟ್ಟಿಯೊಂದನ್ನು ಸಿಕ್ಕಿಸಿ ಎಳೆದು ನೋಡಿದರೂ ತಿಳಿಯುತ್ತದೆ. ಬಾಗಿಲ ತಳದ ಸಣ್ಣ ತೂತುಗಳನ್ನು ಮಾತ್ರ ಮುಚ್ಚಬೇಡಿ. ಗಾಜಿನ ಪಕ್ಕದಿಂದ ಬಾಗಿಲೊಳಗೆ ಇಳಿಯುವ ನೀರು ಹೊರಗೆ ಹೋಗಲೆಂದೇ ಅವು ಇರುವುದು. ಪುಟ್ಟಿ ಮೆತ್ತಿದರೆ ಬಾಗಿಲು ಒಳಗಿನಿಂದ ಕೊಳೆಯುತ್ತದೆ.

ನೀರು ಕಂಡಲ್ಲೇ ತೂತು ಇರಬೇಕೆಂದಿಲ್ಲ. ನಮ್ಮ ಕಾರಿನಲ್ಲಿ ಅದು ಬರುತ್ತಿದ್ದುದು ಮುಂದಿನ ಗಾಜಿನ ಮೇಲ್ಮೂಲೆಯಿಂದ. ಗಾಜಿನ ಸುತ್ತಲಿನ ರಬ್ಬರ್ ಹೊಸದು ತರಿಸಿದೆವು. ಅದನ್ನು ಕೂರಿಸುವುದು ನೋಡಲು ಚೆಂದ: ರಬ್ಬರಿನ ತೋಡಿನೊಳಗೆ ಲಂಗಕ್ಕೆ ಲಾಡಿ ಪೋಣಿಸುವಂತೆ ಸುತ್ತಲೂ ದಾರ ಇಟ್ಟು, ಸೋಪಿನ ನೀರು ಸವರಿ, ಹೊರಗಿನಿಂದ ಒಬ್ಬರು ಗಾಜನ್ನು ಒತ್ತುತ್ತಾರೆ; ಒಳಗೆ ಕೂತವರು ದಾರ ಎಳೆಯುತ್ತ ಹೋದಂತೆ ರಬ್ಬರಿನ ತುಟಿ ಕಬ್ಬಿಣದ ಅಂಚಿನ ಮೇಲೆ ಹತ್ತಿ ಕೂರುತ್ತದೆ. ದಾರ ಎಳೆದವಳು ನಾನೇ.

ಕೊನೆಗೆ ವೈಪರು. ಅದನ್ನು ಮೊದಲು ಯೋಚಿಸಿದವರಲ್ಲಿ ಒಬ್ಬಳು ಹೆಂಗಸು ಎಂಬುದು ನಿಮಗೆ ಗೊತ್ತೆ? ಅಮೆರಿಕದ ಅಲಬಾಮಾದ ಮೇರಿ ಆ್ಯಂಡರ್ಸನ್, 1903ರಲ್ಲಿ ಪೇಟೆಂಟ್ ಪಡೆದಳು. ಹಿಮ ಬೀಳುವಾಗ ಟ್ರಾಮಿನ ಚಾಲಕ ಪಡುತ್ತಿದ್ದ ಪಾಡು ನೋಡಿ ಒಳಗಿನಿಂದಲೇ ಹಿಡಿಕೆ ತಿರುಗಿಸುವ ಒರೆಸುಪಟ್ಟಿ ಮಾಡಿದಳು. ಅದರಿಂದ ಅವಳಿಗೆ ದುಡ್ಡು ಬರಲಿಲ್ಲ, ಪೇಟೆಂಟ್ ಅವಧಿ ಮುಗಿದ ಮೇಲೆ ಎಲ್ಲ ಕಾರಿಗೂ ವೈಪರ್ ಬಂತು.

ನಮ್ಮ ವೈಪರ್ ಅರ್ಧಕ್ಕೆ ಹೋಗಿ ನಿಲ್ಲುತ್ತಿತ್ತು. ಮೋಟಾರ್ ಸುಟ್ಟಿದೆ, ಹೊಸದು ಹಾಕಿ ಎಂದು ಇಬ್ಬರು ಹೇಳಿದ್ದರು. ಉಸ್ತಾದರು ಮೋಟಾರನ್ನು ಹಲ್ಲಿನ ಕೇಬಲ್ಲಿನಿಂದ ಬಿಡಿಸಿ ಓಡಿಸಿದರು. ಆಗಲೂ ಮಂದವೇ. ಹಾಗಾದರೆ ಮೋಟಾರಿಗೆ ಕರೆಂಟು ಸರಿಯಾಗಿ ಮುಟ್ಟುತ್ತಿಲ್ಲ ಎಂದು ಅರ್ಥಿಂಗ್ ತಂತಿಯ ಸ್ಕ್ರೂ ತೆಗೆದು ನೋಡಿದರೆ, ಅಲ್ಲಿಯೂ ಆಕಾಶನೀಲಿ ಬಣ್ಣ! ತಂತಿಗೂ ಕಾರಿನ ಮೈಗೂ ನಡುವೆ ಹೊಸ ಪೇಂಟು ಗೋಡೆಯಂತೆ ನಿಂತಿತ್ತು. ನಾಣ್ಯದಗಲ ಬಣ್ಣವನ್ನು ಉಪ್ಪುಕಾಗದದಿಂದ ಕೆರೆದದ್ದೇ ಮೋಟಾರ್ ಚುರುಕಾಯಿತು. ಕೇಬಲ್ಲಿನ ಕೊಳವೆಯಲ್ಲಿ ಹಳೆಯ ಗ್ರೀಸು ಮೇಣದಂತೆ ಗಟ್ಟಿಯಾಗಿತ್ತು, ಅದನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಹೊಸದು ಹಚ್ಚಿದರು. ವೈಪರ್ ಕಡ್ಡಿ ಹೊರಬರುವಲ್ಲಿನ ಉಂಗುರದಂಥ ರಬ್ಬರುಗಳನ್ನು ಬದಲಿಸಿದ ಮೇಲೆ ಒಳಗಿನ ವಯರುಗಳ ಮೇಲೆ ನೀರು ತೊಟ್ಟಿಕ್ಕುವುದೂ ನಿಂತಿತು. ನಮ್ಮ ಊರಿನ ಮೇ ತಿಂಗಳ ಬಿಸಿಲಿಗೆ ಬ್ಲೇಡಿನ ರಬ್ಬರ್ ಬಹುದಿನ ಬಾಳದು, ಮಳೆಗೆ ಮೊದಲು ಪ್ರತಿವರ್ಷ ಹೊಸದು ಹಾಕಿಸಿ. ಒಣಗಾಜಿನ ಮೇಲೆ ಓಡಿಸಬೇಡಿ.

ಮೊದಲ ದೀಪಾವಳಿಗೆ ಮಗಳು ಅಳಿಯ ಬಂದಾಗ ಹೆರಾಲ್ಡ್ ಗೇಟು ದಾಟಿತು. ಕಾಚಿಗುಡದ ಸ್ಟೇಷನ್ನಿನಿಂದ ಅವರನ್ನು ಕರೆತಂದವರು ನಮ್ಮವರೇ, ಉಸ್ತಾದರು ಪಕ್ಕದಲ್ಲಿ. ಸೀಟಿನ ಹೊದಿಕೆ ಇನ್ನೂ ಆಗಿಲ್ಲ. ಸದ್ಯಕ್ಕೆ ನನ್ನ ಎರಡು ಹಳೆಯ ಬೆಡ್‌ಶೀಟುಗಳನ್ನು ಮಡಿಸಿ ಹಾಸಿದ್ದೇವೆ.