ಶಲವಡಿಯ ಉಳ್ಳಾಗಡ್ಡಿ, ದಿಲ್ಲಿಯ ಅಪ್ಪಣೆ

ಪ್ರಜೆಗಳ ಹಿತಕ್ಕೆಂದು ಹೊರಟ ಅಪ್ಪಣೆಯು ಪ್ರಜೆಗಳಿಗೇ ಹೇಗೆ ಮುಳುವಾಗುವುದೆಂಬುದನ್ನು ಅರಿಯಲಿಚ್ಛಿಸುವ ಮಹಾಶಯರು ಅರ್ಥಶಾಸ್ತ್ರದ ಗ್ರಂಥಗಳನ್ನು ತೆರೆಯಬೇಕಾಗಿಲ್ಲ. ನಮ್ಮ ಧಾರವಾಡ ಜಿಲ್ಲೆಯ ಶಲವಡಿ ಸೀಮೆಯ ಎರೆಭೂಮಿಯತ್ತ ಕಣ್ಣು ಹಾಯಿಸಿದರೆ ಸಾಕು.

ಈ ಸೀಮೆಯ ಒಕ್ಕಲಿಗನು ಮಳೆಯನ್ನೇ ನಂಬಿ ಮುಂಗಾರಿಯಲ್ಲಿ ಉಳ್ಳಾಗಡ್ಡಿ ಬಿತ್ತುತ್ತಾನೆ. ದಸರೆ ದೀಪಾವಳಿಗಳ ಸುಮಾರಿಗೆ ಕಿತ್ತು, ಹುಬ್ಬಳ್ಳಿಯ ಅಮರಗೋಳದ ಪೇಟೆಗೋ ಬೆಂಗಳೂರಿನ ಯಶವಂತಪುರಕ್ಕೋ ಸಾಗಿಸುತ್ತಾನೆ. ಮುಂಗಾರಿಯ ಗಡ್ಡೆಯಲ್ಲಿ ನೀರಿನಂಶ ಹೆಚ್ಚು. ನಾಸಿಕದ ಬೇಸಿಗೆಯ ಗಡ್ಡೆಯಂತೆ ಅದು ತಿಂಗಳುಗಟ್ಟಲೆ ಬಾಳದು. ಆದುದರಿಂದ ಬಂದ ಧಾರಣೆಗೆ ಕೊಡದೆ ಅವನಿಗೆ ಗತ್ಯಂತರವಿಲ್ಲ.

2023ರ ಆಗಸ್ಟ್ 19ರಂದು ಕೇಂದ್ರ ಸರಕಾರವು ಪರದೇಶಕ್ಕೆ ಹೋಗುವ ಉಳ್ಳಾಗಡ್ಡಿಯ ಮೇಲೆ ನೂರಕ್ಕೆ 40ರಂತೆ ಸುಂಕ ಹೇರಿದಾಗ ಬೀಜವು ಆಗಲೇ ನೆಲ ಸೇರಿತ್ತು. ಆ ವರ್ಷ ಕರ್ನಾಟಕಕ್ಕೆ ಬರಗಾಲ. ಬೆಳೆ ಕುಗ್ಗಿದವನಿಗೆ ಏರಿದ ಧಾರಣೆಯೊಂದೇ ಆಸರೆ. ಮುಂಗಾರಿಯ ಮಾಲು ಇನ್ನೂ ಪೇಟೆಗೆ ಬರುತ್ತಿರುವಾಗಲೇ, ಡಿಸೆಂಬರ್ 8ರಂದು, ನಿರ್ಯಾತವನ್ನೇ ಪ್ರತಿಬಂಧಿಸಲಾಯಿತು. ಪ್ರತಿಬಂಧವು 2024ರ ಮೇ 4ರಂದು ತೆರವಾಯಿತು. ಸುಂಕವು ಪೂರ್ಣವಾಗಿ ಹೋದುದು 2025ರ ಏಪ್ರಿಲ್ 1ರಂದು.

ಪಟ್ಟಣಿಗರ ಅಡಿಗೆಮನೆಯ ಕಷ್ಟವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ನೊಂದ ಒಕ್ಕಲಿಗನು ಅರ್ಜಿ ಬರೆದುಕೊಂಡು ಕೂಡ್ರುವವನಲ್ಲ. ಬರುವ ಮುಂಗಾರಿಯಲ್ಲಿ ಆ ಹೊಲಕ್ಕೆ ಹೆಸರನ್ನೋ ಗೋವಿನಜೋಳವನ್ನೋ ಬಿತ್ತಿ ಉತ್ತರ ಹೇಳುತ್ತಾನೆ. ಬಿತ್ತನೆ ಕುಗ್ಗಿದರೆ ಮಾಲು ಕುಗ್ಗುವುದು, ಧಾರಣೆ ಏರುವುದು, ಮತ್ತೊಂದು ಅಪ್ಪಣೆ ಹೊರಡುವುದು. ಈ ವರ್ಷದ ಅಗ್ಗವೆಂಬುದು ಬರುವ ವರ್ಷದ ತುಟ್ಟಿಯಿಂದ ತಂದ ಕಡವೇ ಸರಿ.

ಹೊರಗಿನ ಗಿರಾಕಿಯೂ ಕೈಬಿಡುತ್ತಾನೆ. 2019ರ ಸೆಪ್ಟೆಂಬರ್ 29ರಂದು ಹೀಗೆಯೇ ನಿರ್ಯಾತ ನಿಂತಾಗ, ಬಾಂಗ್ಲಾದೇಶದ ಅಂದಿನ ಪ್ರಧಾನಿ ಶೇಖ್ ಹಸೀನಾ ಅವರು ದಿಲ್ಲಿಗೆ ಬಂದು, ಉಳ್ಳಾಗಡ್ಡಿಯಿಲ್ಲದೆ ಅಡಿಗೆ ಮಾಡೆಂದು ತಮ್ಮ ಬಾಣಸಿಗನಿಗೆ ಹೇಳಿರುವುದಾಗಿ ನುಡಿದರು. ಅದು ವಿನೋದದ ಮಾತಾದರೂ ವ್ಯಾಪಾರಕ್ಕೆ ಎಚ್ಚರಿಕೆಯ ಮಾತು. ಮುಂದಿನ ವರ್ಷದ ಸೆಪ್ಟೆಂಬರಿನಲ್ಲಿ ಅದೇ ತಪ್ಪು ಮರುಕಳಿಸಿತು. ನೆಚ್ಚಿಕೆ ತಪ್ಪಿದ ಅಂಗಡಿಗೆ ಯಾರು ತಾನೇ ಮರಳಿಯಾರು?

ನಾವು ಬೇಡುವುದು ಅಲ್ಪವಾದುದು. ನಿರ್ಯಾತದ ನಿಯಮವನ್ನು ಬಿತ್ತನೆಗೆ ಮುಂಚೆಯೇ ಸಾರಬೇಕು. ಮಾಲು ಮಾರಿ ಮುಗಿಯುವವರೆಗೆ ಅದನ್ನು ಕದಲಿಸಬಾರದು. ಪಟ್ಟಣದ ಬಡವರಿಗೆ ಅಗ್ಗದಲ್ಲಿ ಕೊಡಬೇಕಾದರೆ ಅದರ ಭಾರವನ್ನು ಸರಕಾರದ ಬೊಕ್ಕಸವು ಹೊರಲಿ. ಶಲವಡಿಯ ಒಕ್ಕಲಿಗನ ಕಣವು ಸರಕಾರದ ಬೊಕ್ಕಸವಲ್ಲ.